ಹರಳುಗಟ್ಟದ ಸಾರು

ಈ ಊರಿಗೆ ಬಂದ ಮೊದಲ ದಿನ ಬಾಡಿಗೆ ಮನೆಯ ಯಜಮಾನಿ ನನ್ನ ಮುಂದೆ ಕಾಫಿ ಇಟ್ಟು, ಲೋಟವನ್ನು ಒಮ್ಮೆ ಅಲುಗಿಸಿ ಒಳಗೆ ಹೋದರು. ನಾನು ಪೆಟ್ಟಿಗೆ ಬಿಚ್ಚಿ ಪುಸ್ತಕ ಜೋಡಿಸುತ್ತ ಕೂತೆ. ತಿರುಗಿ ನೋಡುವಷ್ಟರಲ್ಲಿ ಲೋಟದ ಅಂಚಿನಿಂದ ನಡುವಿನವರೆಗೆ ಕಂದು ಬಣ್ಣದ ಸೂಜಿಗಳು ಬೆಳೆದು ಒಂದಕ್ಕೊಂದು ಹೆಣೆದುಕೊಂಡಿದ್ದವು. ಲೋಟವನ್ನು ತಲೆಕೆಳಗು ಮಾಡಿದರೂ ಒಂದು ಹನಿ ಬೀಳಲಿಲ್ಲ. ಯಜಮಾನಿ ಬಂದು ನೋಡಿದವರು ಬೇಸರವೇನೂ ತೋರಿಸದೆ ಚಮಚದ ಹಿಡಿಯಿಂದ ಅದನ್ನು ಕುಟ್ಟಿ, ನೀರು ಬೆರೆಸಿ, ಮತ್ತೆ ಕಾಯಿಸಿ ತಂದುಕೊಟ್ಟರು. ಏನೇ ಕೆಲಸವಿದ್ದರೂ ಒಂದು ಕೈ ಲೋಟದ ಮೇಲಿರಬೇಕು ಎಂದು ತಿಳಿಹೇಳಿದರು.

ಇಲ್ಲಿ ಸುಮ್ಮನೆ ಬಿಟ್ಟದ್ದೆಲ್ಲ ಹರಳುಗಟ್ಟುತ್ತದೆ. ಹಾಲು, ಮಜ್ಜಿಗೆ, ಶಾಯಿ, ಸೀಮೆಎಣ್ಣೆ, ಬಾವಿಯಿಂದ ಸೇದಿಟ್ಟ ನೀರು, ಯಾವುದಕ್ಕೂ ವಿನಾಯಿತಿ ಇಲ್ಲ. ಹಾಗಾಗಿ ಪಾತ್ರೆಯ ಪಕ್ಕದಲ್ಲಿ ಹಾದುಹೋಗುವವರು ಅದನ್ನು ಒಮ್ಮೆ ಅಲುಗಿಸಿ ಹೋಗುವುದು ಇಲ್ಲಿನ ಮರ್ಯಾದೆ. ನೆಂಟರು ಬಂದರೆ ಕಾಲು ತೊಳೆದು ನೇರ ಅಡುಗೆಮನೆಗೆ ಹೋಗಿ, ಮಜ್ಜಿಗೆ ಗಡಿಗೆಯನ್ನು ಎರಡು ಸಲ ಕದಡಿಯೇ ಕೂರುತ್ತಾರೆ. ಶಾಲೆಯ ಮಕ್ಕಳು ಶಾಯಿ ಕುಪ್ಪಿಯನ್ನು ದಾರಕ್ಕೆ ಕಟ್ಟಿ ಕೊರಳಿಗೆ ಹಾಕಿಕೊಂಡು ಓಡುತ್ತಾರೆ. ಓಡಬೇಡಿ ಎಂದು ಯಾವ ಮೇಷ್ಟರೂ ಗದರುವುದಿಲ್ಲ. ಮಾತು ಬಿಟ್ಟ ಗಂಡಹೆಂಡಿರೂ ಸರದಿಯ ಮೇಲೆ ಹಾಲಿನ ಪಾತ್ರೆ ಕದಡಬೇಕಾಗುವುದರಿಂದ ಜಗಳಗಳು ಹೆಚ್ಚು ಕಾಲ ಬಾಳುವುದಿಲ್ಲ. ಊರ ನೀರಿನ ತೊಟ್ಟಿಗೆ ದೊಡ್ಡ ಮರದ ಹುಟ್ಟು ಅಳವಡಿಸಿದ್ದಾರೆ. ಬೇರೆ ಕೆಲಸ ಕೈಲಾಗದ ಹಿರಿಯರಿಗೆ ಪುರಸಭೆಯವರು ಅದನ್ನು ತಿರುಗಿಸುವ ಕೆಲಸ ಕೊಡುತ್ತಾರೆ. ಕಣ್ಣೀರೂ ಇದೇ ನಿಯಮಕ್ಕೆ ಒಳಪಟ್ಟದ್ದು. ಕಣ್ಣಿನ ಪಸೆ ಗಟ್ಟಿಯಾಗದಿರಲಿ ಎಂದು ಎಲ್ಲರೂ ಪಟಪಟನೆ ರೆಪ್ಪೆ ಬಡಿಯುತ್ತಿರುತ್ತಾರೆ. ಹೊಸಬರಿಗೆ ಊರಿಗೆ ಊರೇ ತಮಗೆ ಕಣ್ಣು ಹೊಡೆಯುತ್ತಿದೆ ಅನ್ನಿಸುತ್ತದೆ.

ನನ್ನಂಥವಳಿಗೆ ಇದು ಸ್ವರ್ಗ. ಕಾಲೇಜಿನಲ್ಲಿ ನಮ್ಮ ಪ್ರಾಧ್ಯಾಪಕರು ಒಂದು ಒಳ್ಳೆಯ ಹರಳು ಬೆಳೆಸಲು ವರ್ಷಗಟ್ಟಲೆ ಒದ್ದಾಡುತ್ತಿದ್ದರು. ಇಲ್ಲಿ ಹರಳನ್ನು ತಡೆಯುವುದೇ ಕಷ್ಟ. ಊರವರು ಕಿರಣದ ಮನೆ ಎಂದು ಕರೆಯುವ ಕಟ್ಟಡದಲ್ಲಿ ನನ್ನ ಕೆಲಸ. ಅದರಿಂದಲೇ ನನಗೆ ಕಿರಣದಮ್ಮ ಎಂಬ ಹೆಸರು ಬಂತು. ಹರಳಿನೊಳಗೆ ಅಣುಗಳು ಸಾಲುಸಾಲಾಗಿ, ಎಲ್ಲವೂ ಒಂದೇ ಭಂಗಿಯಲ್ಲಿ ಕೂತಿರುತ್ತವೆ. ಅದರ ಮೂಲಕ ಕ್ಷ-ಕಿರಣ ಹಾಯಿಸಿದರೆ ಅದು ಚದುರಿ, ಹಿಂದಿಟ್ಟ ಫಿಲ್ಮಿನ ಮೇಲೆ ಚುಕ್ಕಿಚುಕ್ಕಿಯಾಗಿ ಬೀಳುತ್ತದೆ. ಕೆಲವು ಚುಕ್ಕಿ ಗಾಢ, ಕೆಲವು ಮಸುಕು. ಅವುಗಳ ಜಾಗವನ್ನೂ ಗಾಢತೆಯನ್ನೂ ಅಳೆದು ಲೆಕ್ಕ ಹಾಕುತ್ತ ಹೋದರೆ, ಕೊನೆಗೆ ಯಾವ ಪರಮಾಣು ಎಲ್ಲಿದೆ, ಯಾವುದು ಯಾವುದರ ಕೈ ಹಿಡಿದಿದೆ ಎಂದು ಗೊತ್ತಾಗುತ್ತದೆ. ಯಾರೋ ರಂಗೋಲಿಯ ಚುಕ್ಕಿ ಮಾತ್ರ ಇಟ್ಟು ಹೋಗಿದ್ದಾರೆ, ಎಳೆ ಎಳೆಯುವುದು ನನ್ನ ಪಾಲಿಗೆ ಬಂದಿದೆ ಎಂದು ನಾನು ಊರಿನವರಿಗೆ ಹೇಳುತ್ತಿದ್ದೆ. ಅವರಿಗೆ ಅದು ಅರ್ಥವಾಗುತ್ತಿತ್ತು. ಜೇನುತುಪ್ಪದಲ್ಲಿ ಬೆಲ್ಲ ಬೆರೆಸಿದ್ದಾರೋ, ಹೊಸ ತಲೆನೋವಿನ ಎಣ್ಣೆಯಲ್ಲಿ ಏನಿದೆಯೋ, ಎಲ್ಲವೂ ನನ್ನ ಬಾಗಿಲಿಗೆ ಬರುತ್ತಿದ್ದವು. ಯಂತ್ರ ನೋಡಿಕೊಳ್ಳುವವರು ಸೂರಪ್ಪ ಎಂಬ ನನ್ನ ಸಹೋದ್ಯೋಗಿ. ಕಿರಣದ ಕೊಳವೆಯ ವಿಷಯದಲ್ಲಿ ಅವರಷ್ಟು ಜೋಪಾನದ ಮನುಷ್ಯನನ್ನು ನಾನು ನೋಡಿಲ್ಲ.

ಗಡಿಯಾರ ರಿಪೇರಿಯ ಇನಾಸಪ್ಪನವರು ಒಂದು ಮಧ್ಯಾಹ್ನ ನಮ್ಮಲ್ಲಿಗೆ ಬಂದರು. ಅರವತ್ತು ದಾಟಿದ, ಅಳೆದು ತೂಗಿ ಮಾತಾಡುವ ಮನುಷ್ಯ. ಅವರ ಕೆಲಸಕ್ಕೂ ಈ ಊರಿಗೂ ಎಳ್ಳಷ್ಟೂ ಆಗದು. ಕೂದಲೆಳೆಯಂಥ ಸ್ಪ್ರಿಂಗನ್ನು ಚಕ್ರಕ್ಕೆ ಕೂರಿಸುವಾಗ ಕಣ್ಣು ಮಿಟುಕಿಸುವಂತಿಲ್ಲ. ಮಿಟುಕಿಸಿದರೆ ಎಳೆ ಎಲ್ಲಿ ಹೋಯಿತು ಎಂದು ಹುಡುಕಬೇಕು. ಮಿಟುಕಿಸದಿದ್ದರೆ ಕಣ್ಣಲ್ಲಿ ಹರಳು ಬೆಳೆಯುತ್ತದೆ. ಪ್ರಾಯದಲ್ಲಿ ಆಗಾಗ ತೊಳೆದುಕೊಂಡು ಸಂಭಾಳಿಸಿದ್ದರು. ಈಗ ಭೂತಗಾಜು ಕಣ್ಣಿಗೇರಿಸಿದ ಸ್ವಲ್ಪ ಹೊತ್ತಿಗೇ ಮುಂದಿನದೆಲ್ಲ ಮಂಜಾಗುತ್ತಿತ್ತು, ತೊಳೆದರೆ ಕಣ್ಣಿಗೆ ಗೀರು ಬೀಳುತ್ತಿತ್ತು. ಪುರಸಭೆಯವರು ಅವರ ಮೇಲಿನ ಅಕ್ಕರೆಯಿಂದಲೇ, ಬೇಸಿಗೆ ಕಳೆದ ಮೇಲೆ ಅಂಗಡಿ ಮುಚ್ಚಿ ತೊಟ್ಟಿಯ ಹುಟ್ಟಿಗೆ ಬನ್ನಿ ಎಂದು ಹೇಳಿ ಹೋಗಿದ್ದರು.

"ತಾಯಿ, ನಾನು ನಲವತ್ತು ವರ್ಷ ಕೈ ಅಲುಗಬಾರದು ಅಂತ ಕಲಿತೋನು. ನನ್ನ ಕೈಗೆ ಹುಟ್ಟು ಕೊಟ್ರೆ ಅದು ತಿರುಗಲ್ಲ," ಎಂದರು.

ಅವರು ಕೈಲಿ ಒಂದು ಹಿಡಿಯಿರುವ ಊಟದ ಪಾತ್ರೆ ಹಿಡಿದಿದ್ದರು. ಅದರಲ್ಲಿದ್ದದ್ದು ಸಾಕಮ್ಮನವರ ಊಟದ ಮನೆಯ ಸಾರು. ನಿನ್ನೆ ಮಧ್ಯಾಹ್ನದ್ದು, ಮೂಲೆಯಲ್ಲಿ ಮರೆತುಬಿಟ್ಟಿದ್ದೆ, ನೋಡಿ ಎಂದು ಮುಚ್ಚಳ ತೆಗೆದರು. ಸಾರು ಸಾರಾಗಿಯೇ ಇತ್ತು. ಒಗ್ಗರಣೆಯ ಸಾಸಿವೆ ಮೇಲೆ ತೇಲುತ್ತಿತ್ತು. ಸೂರಪ್ಪ ಬಗ್ಗಿ ನೋಡಿ, ಅಭ್ಯಾಸಬಲದಿಂದ ಪಾತ್ರೆಯನ್ನು ಒಮ್ಮೆ ಅಲುಗಿಸಿ, ಆಮೇಲೆ ತಮಗೇ ನಗು ಬಂದು ಕೈ ಹಿಂದೆಗೆದರು.

ಸಾಕಮ್ಮನವರನ್ನು ಕೇಳಿದರೆ ಅವರಿಗೂ ಆಶ್ಚರ್ಯ. ತಮ್ಮ ಸಾರನ್ನು ಅವರು ಯಾವತ್ತೂ ಮಾರನೆಯ ದಿನಕ್ಕೆ ಉಳಿಸಿದವರಲ್ಲ. ಉಳಿಯುತ್ತದೆ ಎಂದರೆ ಅವಮಾನ ಎಂಬಂತೆ ಮುಖ ಮಾಡಿದರು. ಯಾವ ಸಾಮಾನು ಈ ಕೆಲಸ ಮಾಡುತ್ತಿದೆ ಎಂದು ತಿಳಿಯಲು ದಾರಿ ಸುಲಭದ್ದೇ ಇತ್ತು. ದಿನಕ್ಕೊಂದು ಸಾಮಾನು ಬಿಟ್ಟು ಸಾರು ಮಾಡುವುದು, ಒಂದು ಬಟ್ಟಲನ್ನು ಅಲುಗಿಸದೆ ಬಿಡುವುದು, ಉಳಿದದ್ದನ್ನು ಗಿರಾಕಿಗಳಿಗೆ ಬಡಿಸುವುದು. ಹುಣಸೆ ಬಿಟ್ಟ ದಿನ ಊಟದ ಮನೆಯಲ್ಲಿ ಗೊಣಗಾಟ, ಮೆಣಸು ಬಿಟ್ಟ ದಿನ ಮೌನ, ಬೇಳೆ ಬಿಟ್ಟ ದಿನ ಒಬ್ಬರು ಎದ್ದು ಕೈ ತೊಳೆದುಕೊಂಡರು. ಇದೆಲ್ಲ ಕಿರಣದಮ್ಮನ ಕಾರುಬಾರು, ನನ್ನ ಕೈಗುಣ ಅಲ್ಲ ಎಂದು ಸಾಕಮ್ಮನವರು ಪ್ರತಿ ಎಲೆಯ ಮುಂದೂ ನಿಂತು ಸಾರಿದರು. ಕೊನೆಗೆ ಅವರ ಬೇಲಿಯ ಬಳ್ಳಿಯಿಂದ ಕಿತ್ತು ಹಾಕುತ್ತಿದ್ದ ಒಂದು ಹೆಸರಿಲ್ಲದ ಸೊಪ್ಪನ್ನು ಬಿಟ್ಟ ಮಾರನೆಯ ಬೆಳಿಗ್ಗೆ, ಬಟ್ಟಲಲ್ಲಿ ಕೆಂಪು ಹರಳಿನ ಪೊದೆಯೇ ಬೆಳೆದಿತ್ತು. ಅತ್ತೆ ಹಾಕುತ್ತಿದ್ದರು ಅಂತ ಹಾಕುತ್ತೇನೆ, ರುಚಿಗೇನೂ ಇಲ್ಲ ಎಂದರು ಸಾಕಮ್ಮ.

ಆ ಸೊಪ್ಪಿನಿಂದ ನಾನು ತುಪ್ಪದ ಬಣ್ಣದ ಒಂದು ದ್ರವವನ್ನು ಬೇರ್ಪಡಿಸಿದೆ. ಕಣ್ಣಿಗೆ ಅದನ್ನೇ ಹಾಕಬಹುದಾಗಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ನೀರು ಬೆರೆಸಿ ನನ್ನ ಎಡಗಣ್ಣಿಗೆ ಒಂದು ಹನಿ ಬಿಟ್ಟುಕೊಂಡೆ. ಸಂಜೆಯವರೆಗೂ ಕಣ್ಣು ಉರಿದು, ಟೊಮೆಟೊ ಹಾಗೆ ಆಯಿತು. ಆ ದ್ರವದಲ್ಲಿ ಹರಳು ತಡೆಯುವ ಅಣುವಿನ ಜೊತೆಗೆ ಕಣ್ಣು ಉರಿಸುವ ಅಣುವೂ ಇತ್ತು. ಎರಡೂ ಎಷ್ಟು ಹತ್ತಿರದ ಬಂಧುಗಳೆಂದರೆ ನಾನು ಏನೇ ಮಾಡಿದರೂ ಒಂದನ್ನು ಬಿಟ್ಟು ಇನ್ನೊಂದು ಬರುತ್ತಿರಲಿಲ್ಲ. ನಮಗೆ ಬೇಕಾದ್ದರ ಆಕಾರ ಗೊತ್ತಾದರೆ ಬೇರೆ ಎಣ್ಣೆಯಿಂದ ಅದೊಂದನ್ನೇ ತಯಾರಿಸಬಹುದು. ಆಕಾರ ತಿಳಿಯಬೇಕಾದರೆ ಹರಳು ಬೇಕು. ಹಾಲು ನೀರು ಎಲ್ಲ ಹರಳುಗಟ್ಟುವ ಊರಿನಲ್ಲಿ, ಹರಳುಗಟ್ಟುವುದೇ ಇಲ್ಲ ಎಂಬ ಒಂದೇ ಗುಣಕ್ಕಾಗಿ ನಾವು ಹುಡುಕಿದ್ದ ವಸ್ತುವನ್ನು ನಾನು ಹರಳುಗಟ್ಟಿಸಬೇಕಾಗಿತ್ತು.

ಹಲವು ಬಟ್ಟಲುಗಳಲ್ಲಿ ಹಲವು ರೀತಿ ಪ್ರಯತ್ನಿಸಿದೆ. ಸುದ್ದಿ ಹಬ್ಬಿ ಜನ ಬಂದು ನೋಡತೊಡಗಿದರು. ಇನಾಸಪ್ಪನವರಿಗೆ ಒಳ್ಳೆಯದಾಗಲಿ ಎಂದು ಹಾರೈಸಿ, ಹೋಗುವಾಗ ಪ್ರತಿಯೊಬ್ಬರೂ ಬಟ್ಟಲಿಗೆ ಒಂದು ಮರ್ಯಾದೆಯ ಅಲುಗಾಟ ಕೊಟ್ಟು ಹೋಗುತ್ತಿದ್ದರು. ಹಾಗೆ ಮಾಡಬೇಡಿ ಎಂದು ನಾನು ಹೇಳುವ ಹೊತ್ತಿಗೆ ಅವರ ಕೈ ಕೆಲಸ ಮುಗಿಸಿರುತ್ತಿತ್ತು. ಅವರಿಗೇ ಗೊತ್ತಿಲ್ಲದೆ ನಡೆಯುತ್ತಿದ್ದ ಕೆಲಸ ಅದು. ಕೋಣೆಗೆ ಬೀಗ ಹಾಕಿದೆ. ಆಗಲೂ ಹಳದಿ ದ್ರವ ಹಳದಿ ದ್ರವವಾಗಿಯೇ ಉಳಿಯಿತು. ಬೇಸಿಗೆ ಅರ್ಧ ಕಳೆದಿತ್ತು. ತೊಟ್ಟಿಯ ಹುಟ್ಟಿಗೆ ಹೊಸ ಹಿಡಿ ಹಾಕಿಸಿದ್ದಾರೆ ಎಂದು ಇನಾಸಪ್ಪನವರು ನಗುತ್ತಲೇ ಹೇಳಿದರು, ಆದರೆ ಹೇಳಿ ಬೇಗ ಎದ್ದುಹೋದರು.

ಮುಂದಿನ ಸಲ ಬಂದಾಗ ಅವರ ಕಣ್ಣಲ್ಲಿ ಹರಳು ಕಟ್ಟಿತ್ತು. ನನ್ನ ಮೇಜಿನ ಬಳಿಯೇ ತೊಳೆದುಕೊಂಡರು. ಬಿದ್ದ ಹರಳೊಂದನ್ನು ನಾನು ಗಾಜಿನ ತಟ್ಟೆಯಲ್ಲಿ ಹಿಡಿದೆ. ತಟ್ಟೆಯಲ್ಲಿ ಹಿಂದಿನ ಪ್ರಯೋಗದ ಹಳದಿ ಪಸೆ ಉಳಿದಿದ್ದುದನ್ನು ನಾನು ಗಮನಿಸಿರಲಿಲ್ಲ. ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರೆ ಕಣ್ಣಿನ ಹರಳು ಬೆಳೆಯುವುದನ್ನು ನಿಲ್ಲಿಸಿತ್ತು, ಮತ್ತು ಬಣ್ಣವಿಲ್ಲದ ಅದರ ಮೈ ನಿಧಾನವಾಗಿ ಹಳದಿಗೆ ತಿರುಗುತ್ತಿತ್ತು. ಕಣ್ಣೀರಿನ ಹರಳು ಜೇನುಗೂಡಿನಂತೆ ಒಳಗೆ ತೂತುತೂತಾಗಿರುತ್ತದೆ ಎಂದು ನಾನು ಮೊದಲೇ ಚಿತ್ರ ತೆಗೆದು ಕಂಡಿದ್ದೆ. ನಮ್ಮ ಅಣು ಹೊರಗೆ ನಿಂತು ಹರಳನ್ನು ಬೆದರಿಸುತ್ತಿರಲಿಲ್ಲ. ಒಳಗೆ ನುಗ್ಗಿ ಆ ತೂತುಗಳಲ್ಲಿ ಅಂಟಿ ಕೂತು, ಮುಂದಿನ ಸಾಲು ಜೋಡಿಸಲು ಜಾಗವಿಲ್ಲದ ಹಾಗೆ ಮಾಡುತ್ತಿತ್ತು. ಪ್ರತಿ ತೂತಿನಲ್ಲೂ ಒಂದೇ ಭಂಗಿಯಲ್ಲಿ ಕೂತರೆ ಅದೂ ಸಾಲಿಗೆ ಸೇರಿದ ಹಾಗೆಯೇ. ಅದರದೇ ಹರಳು ಯಾಕೆ ಬೇಕು? ಅದು ಕೂತಿರುವ ಮನೆಯ ಚಿತ್ರ ತೆಗೆದರೆ ಅದೂ ಚಿತ್ರದಲ್ಲಿ ಬೀಳುತ್ತದೆ.

ಆದರೆ ಆ ಹರಳು ಧೂಳಿನ ಕಣದಷ್ಟಿತ್ತು. ಕಿರಣಕ್ಕೆ ಸಾಸಿವೆ ಕಾಳಿನಷ್ಟಾದರೂ ಬೇಕು. ಅಷ್ಟು ದೊಡ್ಡದನ್ನು ಬೆಳೆಸಲು ಕಣ್ಣು ಮಿಟುಕಿಸದೆ ಬಹಳ ಹೊತ್ತು ಇರಬೇಕು. ಊರಿನಲ್ಲಿ ಅದು ಸಾಧ್ಯವಿದ್ದದ್ದು ಒಬ್ಬರಿಗೇ. ಕೇಳಲು ನನಗೆ ಬಾಯಿ ಬರಲಿಲ್ಲ. ವಿಷಯ ಮಾತ್ರ ವಿವರಿಸಿದೆ. ಇನಾಸಪ್ಪನವರು ಒಂದು ಕೈಗಡಿಯಾರವನ್ನು ನನ್ನ ಮೇಜಿನ ಮೇಲಿಟ್ಟುಕೊಂಡು, ಕಿಟಕಿಯ ಬೆಳಕಿಗೆ ಕುರ್ಚಿ ಎಳೆದು, ಅದರ ಸೆಕೆಂಡಿನ ಮುಳ್ಳನ್ನೇ ನೋಡುತ್ತ ಕೂತರು. ಆ ಮಧ್ಯಾಹ್ನ ಅವರ ಮುಖ ನೋಡುವುದು ಕಷ್ಟವಾಗಿತ್ತು. ಕೊನೆಗೆ ಎಡಗಣ್ಣಿನಿಂದ ಒಂದು ಚೊಕ್ಕ ಹರಳು ಜಾರಿ ನನ್ನ ತಟ್ಟೆಗೆ ಬಿತ್ತು. ಅದನ್ನು ಹಳದಿ ದ್ರವದಲ್ಲಿ ಮುಳುಗಿಸಿಟ್ಟೆ. ದ್ರವ ಒಳಗಿಳಿಯುವವರೆಗೆ, ಅಂದರೆ ಕೆಲವು ದಿನ, ತಟ್ಟೆ ಅಲುಗಬಾರದು. ನೆನೆಯುತ್ತಿರುವ ಹರಳು ಹಪ್ಪಳದಷ್ಟು ನಾಜೂಕು.

ಎರಡನೆಯ ದಿನ ಸೂರಪ್ಪ ಯಂತ್ರಕ್ಕೆ ಎಣ್ಣೆ ಬಿಡಲು ಒಳಗೆ ಬಂದರು. ನನ್ನೊಡನೆ ಕಿರಣದ ಕೊಳವೆಯ ವಿಷಯ ಮಾತಾಡುತ್ತ, ಎಷ್ಟೋ ಎಚ್ಚರದಿಂದ ಮೇಜನ್ನು ಬಳಸಿ ಹೋದರು. ಹೋಗುವಾಗ ಅವರ ಎಡಗೈ ತಾನಾಗಿ ಚಾಚಿ ತಟ್ಟೆಯನ್ನು ಎರಡು ಸಲ ಅಲುಗಿಸಿತು. ಹರಳು ಪುಡಿಯಾಯಿತು. ಸೂರಪ್ಪ ತಮ್ಮ ಕೈಯನ್ನು ಬೇರೆ ಯಾರದೋ ಕೈ ಎಂಬಂತೆ ನೋಡುತ್ತ ನಿಂತರು. ಅವರ ಮುಖ ನೋಡಿ ನನ್ನ ಸಿಟ್ಟು ಅರ್ಧಕ್ಕೇ ನಿಂತಿತು.

ಅವರೇ ಹೋಗಿ ಇನಾಸಪ್ಪನವರಿಗೆ ತಿಳಿಸಿದರು. ಬೈಗುಳಕ್ಕೆ ಸಿದ್ಧರಾಗಿ ಹೋಗಿದ್ದವರಿಗೆ ಅದು ಸಿಗಲಿಲ್ಲವಂತೆ. ಮರುದಿನ ಬೆಳಿಗ್ಗೆ ಇನಾಸಪ್ಪನವರು ಅದೇ ಕೈಗಡಿಯಾರದೊಡನೆ ಬಂದು ಅದೇ ಕುರ್ಚಿ ಎಳೆದರು. "ಬಲಗಣ್ಣು ಒಂದು ಬಾಕಿ ಇದೆಯಲ್ಲ ತಾಯಿ. ಈ ಸಲ ಕಾವಲಿಗೂ ನಾನೇ ಕೂರ್ತೀನಿ," ಎಂದರು.

ಹಾಗೆಯೇ ಕೂತರು. ಬಲಗಣ್ಣಿನ ಹರಳು ತಟ್ಟೆಗಿಳಿದ ಮೇಲೆ, ಗೀರು ಮಾಯಲೆಂದು ಎರಡೂ ಕಣ್ಣು ಮುಚ್ಚಿಕೊಂಡು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ದಿನವಿಡೀ ಆ ತಟ್ಟೆಯ ಪಕ್ಕ. ಊರಿನಲ್ಲಿ ಪಾತ್ರೆಯ ಬಳಿ ಕೂತೂ ಅದನ್ನು ಮುಟ್ಟದಿರಬಲ್ಲ ಕೈ ಅದೊಂದೇ. ಕಣ್ಣು ಮುಚ್ಚಿದ್ದರೂ ಹೆಜ್ಜೆಯ ಸದ್ದಿಗೆ ಯಾರು ಬಂದರು, ಅವರ ಕೈ ಎತ್ತ ಹೊರಟಿದೆ ಎಂದು ತಿಳಿದು, "ಸೂರಪ್ಪ, ಕೈ" ಎಂದು ಮೆಲ್ಲಗೆ ಹೇಳುತ್ತಿದ್ದರು. ಸೂರಪ್ಪ ಒಂದು ಉಪಾಯ ಕಂಡುಕೊಂಡರು: ಮನೆಯಿಂದ ಮಜ್ಜಿಗೆಯ ಚೆಂಬು ತಂದು, ಎರಡೂ ಕೈಯಲ್ಲಿ ಹಿಡಿದು ಅಲುಗಿಸುತ್ತಲೇ ಒಳಗೆ ಓಡಾಡಿದರು. ಅದನ್ನು ನೋಡಿ ಬೇರೆಯವರೂ ತಮ್ಮ ತಮ್ಮ ಚೆಂಬು, ಕುಪ್ಪಿ, ಊಟದ ಪಾತ್ರೆಗಳೊಡನೆ ಬಂದರು. ವರಾಂಡದಲ್ಲಿ ಸಾಲಾಗಿ ನಿಂತು, ತಮ್ಮ ಪಾತ್ರೆಗಳನ್ನು ಮನಸಾರೆ ಅಲುಗಿಸುತ್ತ, ಒಳಗಿನ ಒಂದು ತಟ್ಟೆಯನ್ನು ಅದರ ಪಾಡಿಗೆ ಬಿಟ್ಟರು. ಹಬ್ಬದ ವಾದ್ಯದ ಹಾಗೆ ಗಳಗಳ ಸದ್ದು. ಸಾಕಮ್ಮನವರು ಎರಡು ಹೊತ್ತೂ ಊಟ ತಂದು, ಕಣ್ಣು ಬಿಡಬೇಡಿ ಅಣ್ಣ ಎಂದು ಇನಾಸಪ್ಪನವರಿಗೆ ತುತ್ತಿನ ದಾರಿ ಹೇಳುತ್ತಿದ್ದರು: ಬಲಕ್ಕೆ ಪಲ್ಯ, ಎಡಕ್ಕೆ ಉಪ್ಪಿನಕಾಯಿ.

ಹರಳು ಒಳಗಿನವರೆಗೂ ಹಳದಿಯಾದ ದಿನ ಅದನ್ನು ಕಡ್ಡಿಯಂಥ ಸಪೂರ ಗಾಜಿನ ನಳಿಗೆಯೊಳಗೆ ಇಳಿಸಿ ಯಂತ್ರಕ್ಕೆ ಏರಿಸಿದೆವು. ಬೆಳಗಿನಿಂದ ಸಂಜೆಯವರೆಗೆ ಕಿರಣ ಹಾಯಿತು. ಫಿಲ್ಮನ್ನು ತೊಳೆದು ಬೆಳಕಿಗೆ ಹಿಡಿದಾಗ, ಬರಿಯ ಕಣ್ಣೀರಿನ ಹರಳಿನ ಚುಕ್ಕಿಗಳು ಇದ್ದ ಜಾಗದಲ್ಲೇ ಇದ್ದವು, ಆದರೆ ಗಾಢವಾಗಿದ್ದವುಗಳಲ್ಲಿ ಕೆಲವು ಮಸುಕಾಗಿದ್ದವು, ಮಸುಕಾಗಿದ್ದವುಗಳಲ್ಲಿ ಕೆಲವು ಎದ್ದು ಕಾಣುತ್ತಿದ್ದವು. ಮನೆ ಅದೇ, ಒಳಗೆ ಯಾರೋ ಬಂದಿದ್ದಾರೆ. ಆ ವ್ಯತ್ಯಾಸವನ್ನು ಅಳೆದು ಅಳೆದು, ಕಾಗದದ ಮೇಲೆ ಬೆಟ್ಟದ ನಕ್ಷೆಯ ಹಾಗೆ ಗೆರೆ ಎಳೆಯುತ್ತ ಹೋದೆ. ಗೆರೆಗಳು ಒತ್ತೊತ್ತಾಗಿ ಸುತ್ತಿಕೊಂಡಲ್ಲೆಲ್ಲ ಒಂದೊಂದು ಪರಮಾಣು. ಆರು ಮೂಲೆಯ ಒಂದು ಉಂಗುರ, ಅದಕ್ಕೆ ಉದ್ದನೆಯ ಬಾಲ, ಬಾಲದ ತುದಿಯಲ್ಲಿ ಕವಲು. ಆ ಕವಲಿನಿಂದಲೇ ಅದು ಹರಳಿನ ಗೋಡೆ ಹಿಡಿದಿತ್ತು. ಕಣ್ಣು ಉರಿಸುವ ಬಂಧು ಒಳಗೆ ಎಲ್ಲೂ ಇರಲಿಲ್ಲ; ಅದರ ಉಂಗುರಕ್ಕೆ ಅಂಟಿದ ಒಂದು ಆಮ್ಲಜನಕ ತೂತಿನ ಬಾಗಿಲಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನಾನು ವಾರಗಟ್ಟಲೆ ಬೇರ್ಪಡಿಸಲಾರದ್ದನ್ನು ಇನಾಸಪ್ಪನವರ ಕಣ್ಣಿನ ಹರಳು ಸೋಸಿಕೊಟ್ಟಿತ್ತು.

ಕಂಡದ್ದನ್ನು ಹೇಗೆ ಹೇಳಬೇಕೆಂದು ತಿಳಿಯದೆ, ಕಿರಣದ ಮನೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಆ ಅಣುವನ್ನು ಬಿಡಿಸಿದೆ. ಸಾಕಮ್ಮನವರು ಸೊಂಟಕ್ಕೆ ಕೈಕೊಟ್ಟು ಬಹಳ ಹೊತ್ತು ನೋಡಿ, ಇಷ್ಟು ದಿನ ಇದನ್ನು ಕುದಿಸುತ್ತಿದ್ದೆನೇ, ಹಲ್ಲಿಯ ಹಾಗಿದೆ, ದಯವಿಟ್ಟು ಗಿರಾಕಿಗಳಿಗೆ ತೋರಿಸಬೇಡಿ ಎಂದು ಕೇಳಿಕೊಂಡರು.

ಆಕಾರ ಸಿಕ್ಕಿದ ಮೇಲೆ ಉಳಿದದ್ದು ತಾಳ್ಮೆಯ ಕೆಲಸ. ನಿಂಬೆಯ ವಾಸನೆಯ ಮಜ್ಜಿಗೆಹುಲ್ಲಿನ ಎಣ್ಣೆಯಲ್ಲಿ ಅಂಥದೇ ಬಾಲವಿರುವ ಒಂದು ಅಣುವಿದೆ. ಅದರಿಂದ ಹೊರಟು, ಉಂಗುರ ಮಡಿಸಿ, ಬೇಡದ ಆಮ್ಲಜನಕವನ್ನು ಸೇರಿಸದೆ, ನಮಗೆ ಬೇಕಾದ್ದೊಂದನ್ನೇ ಮಾಡಿದೆ. ಬಟ್ಟಿ ಇಳಿಸಿದ ನೀರಿನಲ್ಲಿ ಚೂರೇ ಚೂರು ಬೆರೆಸಿ ಮೊದಲು ನನ್ನ ಕಣ್ಣಿಗೆ ಬಿಟ್ಟುಕೊಂಡೆ. ಕ್ಷಣ ಹೊತ್ತು ಚುರುಕ್ಕೆಂದಿತು, ಅಷ್ಟೆ. ಕೆಂಪಾಗಲಿಲ್ಲ. ಮರುದಿನ ಬೆಳಿಗ್ಗೆ ರೆಪ್ಪೆಯ ಮೂಲೆಯಲ್ಲಿ ಹರಳಿರಲಿಲ್ಲ.

ಬೇಸಿಗೆಯ ಕೊನೆಯ ವಾರ, ಒಂದು ಬಿಸಿಲೇರಿದ ಬೆಳಿಗ್ಗೆ, ಹನಿಯ ಕುಪ್ಪಿ ತೆಗೆದುಕೊಂಡು ಇನಾಸಪ್ಪನವರ ಅಂಗಡಿಗೆ ಹೋದೆವು. ಪುರಸಭೆಯವರು ಒಬ್ಬರನ್ನು ಕಳಿಸಿದ್ದರು. ಹನಿ ಕೆಲಸ ಮಾಡಿದರೆ ಅಂಗಡಿ, ಇಲ್ಲವಾದರೆ ಹುಟ್ಟು ಎಂದು ಒಪ್ಪಂದವಾಗಿತ್ತು. ಬಂದವರು ಬಾಗಿಲಲ್ಲೇ ನಿಂತರು. ಸಾಕಮ್ಮನವರು ಒಲೆಯನ್ನು ಬೇರೆಯವರಿಗೆ ಒಪ್ಪಿಸಿ ಬಂದಿದ್ದರು. ಸೂರಪ್ಪ ಚೆಂಬು ಮರೆತು ಬಂದದ್ದರಿಂದ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದರು. ಮೇಜಿನ ಮೇಲೆ, ಗಿರಾಕಿ ಬೇಸಿಗೆಗೆ ಮೊದಲೇ ಕೊಟ್ಟು ಹೋಗಿದ್ದ ಒಂದು ಹೆಂಗಸರ ಕೈಗಡಿಯಾರ ಹೊಟ್ಟೆ ತೆರೆದುಕೊಂಡು ಕೂತಿತ್ತು.

ಇನಾಸಪ್ಪನವರು ತಲೆ ಹಿಂದಕ್ಕೆ ಒರಗಿಸಿದರು. ಎರಡು ಕಣ್ಣಿಗೂ ಒಂದೊಂದು ಹನಿ ಬಿಟ್ಟೆ. ಅವರು ಮುಖ ಕಿವಿಚಿದರು.

"ಖಾರ ಆಯ್ತಾ ಅಣ್ಣ?" ಸಾಕಮ್ಮನವರು ಬಗ್ಗಿ ಕೇಳಿದರು.

"ಖಾರ ಇಲ್ಲ. ಉಪ್ಪು ಕಮ್ಮಿ ಅನ್ಸುತ್ತೆ."

ಇನಾಸಪ್ಪನವರು ಇದನ್ನು ತಮಾಷೆಗೆ ಹೇಳಿರಲಿಲ್ಲ. ಕಣ್ಣೀರಿನಷ್ಟು ಉಪ್ಪಿಲ್ಲದ ನೀರು ಕಣ್ಣಿಗೆ ಚುರುಗುಟ್ಟುತ್ತದೆ. ನನ್ನ ಕಣ್ಣಿಗೂ ಅದೇ ಆದದ್ದು. ಆದರೆ ಸಾಕಮ್ಮನವರ ಕಿವಿಗೆ ಆ ಮಾತು ಬೇರೆ ದಾರಿಯಲ್ಲಿ ಹೋಯಿತು. ಮೂವತ್ತು ವರ್ಷದಲ್ಲಿ ನನ್ನ ಮನೆಯ ಪದಾರ್ಥಕ್ಕೆ ಉಪ್ಪು ಕಮ್ಮಿ ಅಂದವರಿಲ್ಲ, ನನ್ನ ಸೊಪ್ಪು ತೆಗೆದುಕೊಂಡು ಹೋಗಿ ನೀವು ಸಪ್ಪೆ ಮಾಡಿದ್ದೀರಿ ಎಂದು ನನ್ನನ್ನು ತರಾಟೆಗೆ ತೆಗೆದುಕೊಂಡರು. ಇದರಲ್ಲಿ ನಿಮ್ಮ ಸೊಪ್ಪೇ ಇಲ್ಲ, ಇದು ಮಜ್ಜಿಗೆಹುಲ್ಲಿನಿಂದ ಮಾಡಿದ್ದು ಎಂದು ನಾನು ತಿಳಿಸಿ ಹೇಳಲು ಹೋದದ್ದು ಇನ್ನೂ ತಪ್ಪಾಯಿತು. ಹಾಗಾದರೆ ಊರಿಗೆಲ್ಲ ಸಾಕಮ್ಮನ ಹನಿ ಅಂತ ಯಾಕೆ ಹೇಳಿದಿರಿ ಎಂದರು. ನಾನು ಹೇಳಿರಲಿಲ್ಲ, ಸೂರಪ್ಪ ಹೇಳಿದ್ದರು. ಸೂರಪ್ಪ ಕಂಕುಳಿನಿಂದ ಕೈ ತೆಗೆದು ಸಮಾಧಾನಕ್ಕೆ ಬಂದರು. ಪುರಸಭೆಯವರು ಬಾಗಿಲಿನಿಂದಲೇ, ಎಷ್ಟು ಉಪ್ಪು ಹಾಕಬೇಕು ಎಂಬುದರ ಬಗ್ಗೆ ತಮ್ಮ ಅಭಿಪ್ರಾಯ ತಿಳಿಸಿದರು. ನಾವು ನಾಲ್ವರೂ ಒಟ್ಟಿಗೆ, ಒಬ್ಬರಿಗಿಂತ ಒಬ್ಬರು ಗಟ್ಟಿಯಾಗಿ, ರೆಪ್ಪೆ ಬಡಿಯುತ್ತ ಮಾತಾಡುತ್ತಿದ್ದೆವು.

ಮೊದಲು ಸುಮ್ಮನಾದವರು ಸಾಕಮ್ಮ. ಅವರು ನೋಡಿದ ಕಡೆ ನಾವೂ ನೋಡಿದೆವು. ಇನಾಸಪ್ಪನವರು ಯಾವಾಗಲೋ ಭೂತಗಾಜು ಏರಿಸಿಕೊಂಡು ಮೇಜಿನ ಮೇಲೆ ಬಗ್ಗಿದ್ದರು. ಚಿಮುಟದ ತುದಿಯಲ್ಲಿ ಕೂದಲೆಳೆಯ ಸ್ಪ್ರಿಂಗು. ಅವರು ನಮ್ಮ ಒಂದು ಮಾತನ್ನೂ ಕೇಳಿಸಿಕೊಂಡಿರಲಿಲ್ಲ, ಅಷ್ಟು ಹೊತ್ತಿನಲ್ಲಿ ಒಮ್ಮೆಯೂ ರೆಪ್ಪೆ ಹಾಕಿರಲಿಲ್ಲ. ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ, ಒದ್ದೆಯಾಗಿ, ತಿಳಿಯಾಗಿ ಕಾಣುತ್ತಿತ್ತು. ಎಳೆ ಚಕ್ರದ ಮೇಲೆ ಕೂತಿತು. ಅವರು ಚಿಮುಟವನ್ನು ಕೆಳಗಿಟ್ಟರು, ಕಿರುಬೆರಳಿನಿಂದ ಚಕ್ರವನ್ನು ಚೂರು ಮುಟ್ಟಿದರು. ಪುಟ್ಟ ಗಡಿಯಾರದ ಸದ್ದು ಬಾಗಿಲಲ್ಲಿದ್ದ ಪುರಸಭೆಯವರ ತನಕ ಕೇಳಿಸಿತು.